ತಟ್ಟಿದ ಕೂಡಲೇ ಬಿಡಬೇಕು: ಮಕ್ಕಳನ್ನು ಸಮರಕಲೆಗೆ ಕಳಿಸುವ ಹೆತ್ತವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಂದೆ-ತಾಯಂದಿರಿಗೆ ನಮಸ್ಕಾರ.

ಮೊನ್ನೆ ಸಂಜೆ ನನ್ನ ಜೂಡೋ ತರಗತಿಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಎಂಟು ವರ್ಷದ ಇಬ್ಬರು ಮಕ್ಕಳು ಮ್ಯಾಟ್ ಮೇಲೆ ಹಿಡಿತದ ಅಭ್ಯಾಸ ಮಾಡುತ್ತಿದ್ದರು. ಹುಡುಗ ಅಂಗಾತ ಬಿದ್ದಿದ್ದ. ಹುಡುಗಿ ಅವನ ಪಕ್ಕೆಗೆ ಒರಗಿ ಕೂತು, ಒಂದು ಕೈಯಲ್ಲಿ ಕುತ್ತಿಗೆ ಬಳಸಿ, ಇನ್ನೊಂದರಲ್ಲಿ ಅವನ ತೋಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಿಗಿಯಾಗಿ ಹಿಡಿದಿದ್ದಳು. ಅವನು ಮಿಸುಕಾಡಿದ, ಸೊಂಟ ಎತ್ತಿ ನೋಡಿದ, ಕಾಲು ಬಡಿದ. ಯಾವುದೂ ನಡೆಯಲಿಲ್ಲ. ಕೊನೆಗೆ ‘ಸಾಕು, ಬಿಡು’ ಎನ್ನುವ ಸನ್ನೆಯಾಗಿ ಅವಳ ಬೆನ್ನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ. ಎರಡನೆಯ ತಟ್ಟು ಪೂರ್ತಿ ಬೀಳುವ ಮೊದಲೇ ಅವಳ ಕೈ ಸಡಿಲವಾಗಿತ್ತು. ಎದ್ದು ಕೂತು, ಅಸ್ತವ್ಯಸ್ತವಾಗಿದ್ದ ಅವನ ಅಂಗಿಯ ಕಾಲರ್ ಎಳೆದು ಸರಿಮಾಡಿ, ‘ನೋವಾಯ್ತೇನೋ?’ ಅಂದಳು. ‘ಇಲ್ಲ, ಉಸಿರು ಕಟ್ಟಿದ ಹಾಗಾಯ್ತು ಅಷ್ಟೇ. ಈಗ ನನ್ನ ಸರದಿ’ ಅಂದ.

ಬಾಗಿಲ ಹತ್ತಿರ ಕೂತಿದ್ದ ಅವನ ತಂದೆಯ ಮುಖ ಚಿಕ್ಕದಾಯಿತು. ಹೊರಡುವಾಗ ನನ್ನ ಬಳಿ ಬಂದು, ‘ಮೇಡಂ, ಇವನನ್ನು ಸ್ವಲ್ಪ ಗಟ್ಟಿ ಮಾಡಿ, ತುಂಬ ಬೇಗ ಸೋಲೊಪ್ಪಿಕೊಳ್ಳುತ್ತಾನೆ’ ಅಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಮಗ ನಾಳೆ ಯಾರ ಕೈಯಲ್ಲೂ ಪೆಟ್ಟು ತಿನ್ನಬಾರದು ಎಂಬ ಕಾಳಜಿಯಿಂದಲೇ ಅವರು ಅವನನ್ನು ಕಳಿಸುತ್ತಿರುವುದು. ಆದರೆ ಆ ಸಂಜೆ ಇಡೀ ತರಗತಿಯಲ್ಲಿ ನಡೆದ ಅತ್ಯಂತ ಒಳ್ಳೆಯ ಸಂಗತಿ ಆ ಎರಡು ತಟ್ಟು. ಅದು ಅವರ ಕಣ್ಣೆದುರಿಗೇ ನಡೆದರೂ ಅವರಿಗೆ ಕಾಣಲಿಲ್ಲ. ಅದನ್ನು ತೋರಿಸುವುದಕ್ಕೇ ಈ ಪತ್ರ.

ಮಕ್ಕಳಿಗೆ ಜೂಡೋ ಕಲಿಸಲು ಹಿಡಿದು ಇಪ್ಪತ್ತು ವರ್ಷವಾಗುತ್ತ ಬಂತು. ಕರಾಟೆ, ಟೇಕ್ವಾಂಡೋ ಕಲಿಸುವ ಗೆಳೆಯ ಗೆಳತಿಯರ ತರಗತಿಗಳಲ್ಲಿಯೂ ಕೂತು ನೋಡಿದ್ದೇನೆ. ಹೆತ್ತವರು ಮೊದಲ ದಿನ ಕೇಳುವ ಪ್ರಶ್ನೆಗಳು ಎಲ್ಲ ಕಡೆಯೂ ಹೆಚ್ಚು ಕಡಿಮೆ ಅವೇ. ಬ್ಲ್ಯಾಕ್ ಬೆಲ್ಟ್ ಆಗಲು ಎಷ್ಟು ವರ್ಷ ಬೇಕು? ಟೂರ್ನಮೆಂಟಿಗೆ ಯಾವಾಗ ಕಳಿಸುತ್ತೀರಿ? ಧೈರ್ಯ ಬರುತ್ತದಾ? ಏಕಾಗ್ರತೆ ಹೆಚ್ಚುತ್ತದಾ? ಕೊನೆಯ ಎರಡು ಪ್ರಶ್ನೆಗೆ ಹೌದು ಅನ್ನಬಲ್ಲೆ. ಆದರೆ ಧೈರ್ಯ, ಏಕಾಗ್ರತೆ, ಆರೋಗ್ಯ ಇವೆಲ್ಲ ಬರುವುದು ನೀವು ಗಮನಿಸದೆ ಬಿಡುವ, ನೋಡಲು ಬೇಸರ ತರಿಸುವ ಅಭ್ಯಾಸಗಳಿಂದ. ನಮಸ್ಕರಿಸುವುದು, ಬೀಳುವುದು, ನಿಲ್ಲು ಅಂದಾಗ ನಿಲ್ಲುವುದು, ತಟ್ಟುವುದು, ತಟ್ಟಿದಾಗ ಬಿಡುವುದು. ಇವನ್ನು ಬದಿಗಿಟ್ಟು ಬರೀ ಹೊಡೆದಾಟ ಕಲಿಸಿದರೆ ಅದೇ ವಿದ್ಯೆ ಮಗುವಿಗೆ ಕೆಡುಕನ್ನೂ ಮಾಡಬಹುದು. ಇದನ್ನು ಕಂಡು ಹೇಳುತ್ತಿದ್ದೇನೆ. ನಾನೇ ಮಾಡಿದ ತಪ್ಪೊಂದನ್ನೂ ಮುಂದೆ ಹೇಳುತ್ತೇನೆ.

ಮೊದಲು ಬೀಳುವ ವಿಷಯ.

ನನ್ನ ತರಗತಿಯಲ್ಲಿ ಹೊಸ ಮಗು ಮೊದಲ ಕೆಲವು ವಾರ ಯಾರನ್ನೂ ಎಸೆಯುವುದಿಲ್ಲ. ಬೀಳುತ್ತದೆ, ಅಷ್ಟೇ. ಕುಕ್ಕರುಗಾಲಲ್ಲಿ ಕೂರಬೇಕು, ಗಲ್ಲವನ್ನು ಎದೆಗೆ ತಾಗಿಸಬೇಕು, ಬೆನ್ನನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳಬೇಕು. ಬೆನ್ನು ಮ್ಯಾಟಿಗೆ ತಾಗುವ ಹೊತ್ತಿಗೆ ಎರಡೂ ಅಂಗೈ, ಮುಂಗೈ ಸೇರಿಸಿ ಜೋರಾಗಿ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ‘ನಿನ್ನ ಬೆಲ್ಟಿನ ಗಂಟು ನೋಡು’ ಎಂದು ನೂರು ಸಲ ಕೂಗುತ್ತೇನೆ. ಗಂಟಿನ ಮೇಲೆ ಕಣ್ಣಿದ್ದರೆ ತಲೆ ಹಿಂದಕ್ಕೆ ಹೋಗಲಾರದು. ಮಕ್ಕಳ ತಲೆ ಅವರ ಮೈಗೆ ಹೋಲಿಸಿದರೆ ದೊಡ್ಡದು, ಕುತ್ತಿಗೆಯ ಸ್ನಾಯು ಇನ್ನೂ ಎಳೆಯದು. ಆಯತಪ್ಪಿದ ಮಗು ಸಹಜವಾಗಿ ಕೈಯನ್ನು ಹಿಂದಕ್ಕೆ ಊರುತ್ತದೆ, ಮಣಿಕಟ್ಟೋ ಮೊಣಕೈಯೋ ಮುರಿಯುವುದು ಹಾಗೆ. ಬೀಳುವ ಪಾಠ ಈ ಎರಡೂ ಹುಟ್ಟುಗುಣಗಳನ್ನು ತಿದ್ದುತ್ತದೆ. ಮೆಟ್ಟಿಲಿನಿಂದಲೋ ಸೈಕಲ್ಲಿನಿಂದಲೋ ಬಿದ್ದಾಗ ಮಗುವಿನ ನೆರವಿಗೆ ಬರುವುದು ಇದೇ. ಬೀದಿ ಜಗಳಕ್ಕಿಂತ ಸೈಕಲ್ಲಿನಿಂದ ಬೀಳುವುದು ನಿಮ್ಮ ಮಗುವಿನ ಬಾಳಿನಲ್ಲಿ ಎಷ್ಟೋ ಪಟ್ಟು ಹೆಚ್ಚು ನಡೆಯುವಂಥದ್ದು.

ಮನಸ್ಸಿನ ಕತೆಯೂ ಇಲ್ಲೇ ಶುರುವಾಗುತ್ತದೆ. ಹೆದರಿದ ಮಗುವನ್ನು ಗುರುತಿಸುವುದು ಸುಲಭ: ಎದುರಿಗಿದ್ದವರನ್ನು ದೂರ ಇಡಲು ಎರಡೂ ತೋಳನ್ನು ಕೋಲಿನ ಹಾಗೆ ನೆಟ್ಟಗೆ ಚಾಚುತ್ತದೆ, ಹೆಗಲು ಕಿವಿಯವರೆಗೂ ಏರಿರುತ್ತದೆ, ಉಸಿರು ಬಿಗಿಹಿಡಿದಿರುತ್ತದೆ. ಹಾಗೆ ನಿಂತ ಮಗುವಿಗೆ ಯಾವ ಪಟ್ಟೂ ಹತ್ತುವುದಿಲ್ಲ. ‘ಹೆದರಬೇಡ’ ಅಂದರೆ ಏನೂ ಆಗುವುದಿಲ್ಲ, ಇನ್ನಷ್ಟು ಬಿಗಿಯುತ್ತದೆ. ದಿನವೂ ಹತ್ತಿಪ್ಪತ್ತು ಸಲ ಬಿದ್ದೂ ಬಿದ್ದೂ ಏನೂ ಆಗಲಿಲ್ಲ ಎಂಬುದು ಮೈಗೇ ಗೊತ್ತಾದ ಮೇಲೆ ಒಂದು ದಿನ ಆ ಹೆಗಲು ತಾನಾಗಿ ಕೆಳಗಿಳಿಯುತ್ತದೆ. ಎಷ್ಟೋ ಮಕ್ಕಳಲ್ಲಿ ಆ ದಿನವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಂದ ಮುಂದೆ ಆ ಮಗು ಮಾತಾಡುವ ದನಿಯೇ ಬೇರೆ.

ಜೂಡೋ ಹುಟ್ಟಿದ್ದೂ ಹೆದರಿದ ಹುಡುಗನೊಬ್ಬನಿಂದಲೇ. 1860ರಲ್ಲಿ ಜಪಾನಿನಲ್ಲಿ ಹುಟ್ಟಿದ ಜಿಗೊರೊ ಕಾನೊ ಓದಿನಲ್ಲಿ ಮುಂದು, ಮೈಯಲ್ಲಿ ಸಣಕಲು. ಶಾಲೆಯಲ್ಲಿ ಬಲವಾದ ಹುಡುಗರು ಕಾಡುತ್ತಿದ್ದರು. ಅದಕ್ಕೇ ಹದಿಹರೆಯದಲ್ಲಿ ಜುಜುತ್ಸು ಎಂಬ ಹಳೆಯ ಕಾದಾಟದ ವಿದ್ಯೆ ಕಲಿಯಲು ಹೊರಟರು. ಕಲಿತ ಮೇಲೆ ಅವರು ಮಾಡಿದ ಕೆಲಸ ನನಗೆ ಇಂದಿಗೂ ದಾರಿ ತೋರಿಸುತ್ತದೆ. 1882ರಲ್ಲಿ ಟೋಕಿಯೋದ ಒಂದು ದೇವಾಲಯದಲ್ಲಿ, ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ, ಕೊಡೋಕಾನ್ ಎಂಬ ಶಾಲೆ ತೆರೆದರು. ಹಳೆಯ ಜುಜುತ್ಸುವಿನಿಂದ, ಜೊತೆಗಾರನಿಗೆ ಪೆಟ್ಟಾಗದೆ ಅಭ್ಯಾಸ ಮಾಡಲಾಗದ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ತೆಗೆದಿಟ್ಟರು. ಬೀಳುವುದನ್ನು ವ್ಯವಸ್ಥಿತವಾಗಿ ಕಲಿಸಿದರು. ವೃತ್ತಿಯಿಂದ ಅವರು ಮೇಷ್ಟ್ರು, ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಗೆ ಮುಖ್ಯಸ್ಥರಾಗಿದ್ದವರು. ಅವರ ಎರಡು ಸೂತ್ರಗಳಲ್ಲಿ ಒಂದು ‘ಜಿತಾ ಕ್ಯೋಯಿ’, ಅಂದರೆ ನೀನೂ ನಾನೂ ಜೊತೆಯಾಗಿ ಏಳಿಗೆಯಾಗುವುದು. ಅಭ್ಯಾಸದ ಜೊತೆಗಾರ ನನಗೆ ತನ್ನ ಮೈಯನ್ನೇ ಸಾಲ ಕೊಟ್ಟಿದ್ದಾನೆ, ಅದನ್ನು ಹಾಗೆಯೇ ಹಿಂತಿರುಗಿಸಬೇಕು. ಮಕ್ಕಳಿಗೆ ನಾನು ಈ ಸೂತ್ರವನ್ನು ಹೇಳಿಕೊಡುವುದು ಹೀಗೆ.

ಕರಾಟೆಯೂ ಶಾಲೆಗೆ ಬಂದದ್ದು ಮಕ್ಕಳ ಹದಕ್ಕೆ ಇಳಿದೇ. ಜಪಾನಿನ ಒಕಿನಾವಾ ದ್ವೀಪದ ಆಂಕೊ ಇಟೊಸು 1901ರಲ್ಲಿ ಅದನ್ನು ಅಲ್ಲಿನ ಶಾಲೆಯೊಳಗೆ ತಂದರು, ಶಾಲಾಮಕ್ಕಳಿಗಾಗಿ ‘ಪಿನಾನ್’ ಎಂಬ ಐದು ಸರಳ ಕಟಾಗಳನ್ನು, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ನಿಗದಿತ ಚಲನೆಗಳ ಸರಣಿಗಳನ್ನು, ರೂಪಿಸಿದರು. 1908ರಲ್ಲಿ ಸರ್ಕಾರಕ್ಕೆ ಹತ್ತು ಅಂಶಗಳ ಪತ್ರವೊಂದನ್ನೂ ಬರೆದರು. ಸಮರಕಲೆಯ ಬಗ್ಗೆ ಪತ್ರ ಬರೆಯುವ ಪರಂಪರೆಯೂ ಹಳೆಯದೇ ಅನ್ನಿ.

ಈಗ ತಟ್ಟುವ ವಿಷಯಕ್ಕೆ ಬರುತ್ತೇನೆ, ನನಗೆ ಅತ್ಯಂತ ಮುಖ್ಯವಾದದ್ದು ಇದು.

ಮಗುವಿನ ಬದುಕಿನಲ್ಲಿ ‘ಸಾಕು’ ಅಂದ ತಕ್ಷಣ ಎದುರಿನವರು ನಿಲ್ಲಿಸುವ ಜಾಗ ಎಷ್ಟಿದೆ, ಯೋಚಿಸಿ ನೋಡಿ. ಕೆನ್ನೆ ಹಿಂಡುವವರು ನಿಲ್ಲಿಸುವುದಿಲ್ಲ. ಕಚಗುಳಿ ಇಡುವವರು ನಿಲ್ಲಿಸುವುದಿಲ್ಲ. ಅಣ್ಣ-ಅಕ್ಕಂದಿರು ಕಾಡುವುದನ್ನು ನಿಲ್ಲಿಸುವುದಿಲ್ಲ. ಮ್ಯಾಟ್ ಮೇಲೆ ಮಾತ್ರ, ಎಷ್ಟೇ ಬಲಶಾಲಿಯಾದ ಜೊತೆಗಾರನಾದರೂ ಪುಟ್ಟ ಕೈ ಎರಡು ಸಲ ತಟ್ಟಿದರೆ ಬಿಡಲೇಬೇಕು. ಮರುಮಾತಿಲ್ಲ. ತಡ ಮಾಡಿದವರನ್ನು ನಾನು ಅಂದಿನ ಮಟ್ಟಿಗೆ ಮ್ಯಾಟಿನಿಂದ ಇಳಿಸುತ್ತೇನೆ. ವರ್ಷಗಟ್ಟಲೆ ಹೀಗೆ ಬೆಳೆದ ಮಗುವಿಗೆ ತನ್ನ ಮೈಯ ಮೇಲೆ ತನ್ನ ಮಾತು ನಡೆಯುತ್ತದೆ ಎಂಬುದು ಮಾತಿನಲ್ಲಿ ಹೇಳಿಕೊಡದೆಯೇ ತಿಳಿದಿರುತ್ತದೆ. ಇನ್ನೊಬ್ಬರ ಮೈಯ ಮೇಲೆ ಅವರ ಮಾತೇ ನಡೆಯಬೇಕು ಎಂಬುದೂ ತಿಳಿದಿರುತ್ತದೆ. ಹಿಡಿದವಳು ಗೆಲ್ಲುವ ಹೊತ್ತಿಗೇ ಕೈ ಬಿಡಬೇಕು. ಇದು ಸಣ್ಣ ಸಂಯಮವಲ್ಲ, ದೊಡ್ಡವರಿಗೂ ಕಷ್ಟದ್ದು. ಹಾಗೆಯೇ ತಟ್ಟಿದವನು ಸೋತೆನೆಂದು ಅಳುವುದಿಲ್ಲ, ‘ಈಗ ನನ್ನ ಸರದಿ’ ಅನ್ನುತ್ತಾನೆ. ಆ ತಂದೆಗೆ ನಾನು ಹೇಳಬೇಕೆಂದಿದ್ದದ್ದು ಇಷ್ಟೇ: ನಿಮ್ಮ ಮಗ ಬೇಗ ಸೋಲೊಪ್ಪಿಕೊಳ್ಳಲಿಲ್ಲ, ತನಗೆ ಸಾಕಾದ ಗಳಿಗೆಯನ್ನು ಸರಿಯಾಗಿ ಗುರುತಿಸಿ ಹೇಳಿದ. ನಾಳೆ ಯಾರೋ ಕೆಟ್ಟದಾಗಿ ಮುಟ್ಟಿದಾಗಲೂ ಅವನು ಹೇಳಬೇಕಾದದ್ದು ಅದನ್ನೇ.

‘ಮಾಟೆ’ ಎಂಬ ಕೂಗಿಗೂ ಇಂಥದೇ ಬೆಲೆ. ಜೂಡೋದಲ್ಲಿ ಅದರರ್ಥ ನಿಲ್ಲು ಎಂದು. ಇಬ್ಬರೂ ಬೆವರಿ, ಕೆಂಪಾಗಿ, ಇನ್ನೇನು ಎಸೆದೇಬಿಟ್ಟೆ ಅನ್ನುವಾಗ ಆ ಕೂಗು ಬೀಳುತ್ತದೆ. ಕೈ ಬಿಟ್ಟು, ಹಿಂದೆ ಸರಿದು, ಅಂಗಿ ಸರಿಮಾಡಿಕೊಂಡು ನಿಲ್ಲಬೇಕು. ಉಕ್ಕಿ ಬರುತ್ತಿರುವುದನ್ನು ತಡೆದು ಹಿಡಿಯುವ ಈ ಶಕ್ತಿಯನ್ನು ನೋಡಿಕೊಳ್ಳುವುದು ಹಣೆಯ ಹಿಂದಿರುವ ಮಿದುಳಿನ ಭಾಗ; ಅದು ಪೂರ್ತಿ ಮಾಗಲು ಇಪ್ಪತ್ತೈದರ ಆಸುಪಾಸು ವಯಸ್ಸಾಗಬೇಕು. ‘ಎಷ್ಟು ಹೇಳಿದರೂ ಕೇಳಲ್ಲ’ ಎಂದು ನಾವು ಬೈಯುವುದು ಇನ್ನೂ ಕಟ್ಟಿ ಮುಗಿಯದ ಈ ಮನೆಯನ್ನೇ. ಬೈಗುಳದಿಂದ ಅದು ಬೇಗ ಕಟ್ಟಿ ಮುಗಿಯುವುದಿಲ್ಲ, ಅಭ್ಯಾಸದಿಂದ ಗಟ್ಟಿಯಾಗಬಹುದು.

ಇದು ಬರೀ ನನ್ನ ನಂಬಿಕೆಯಲ್ಲ. 2004ರಲ್ಲಿ ಕಿಂಬರ್ಲಿ ಲೇಕ್ಸ್ ಮತ್ತು ವಿಲಿಯಂ ಹಾಯ್ಟ್ ಅಮೆರಿಕದ ಶಾಲೆಯೊಂದರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಕೆಲವರಿಗೆ ಮೂರು ತಿಂಗಳು ಟೇಕ್ವಾಂಡೋ, ಉಳಿದವರಿಗೆ ಎಂದಿನ ದೈಹಿಕ ಶಿಕ್ಷಣ. ಟೇಕ್ವಾಂಡೋ ಮಕ್ಕಳು ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವುದರಲ್ಲಿ, ತರಗತಿಯ ನಡವಳಿಕೆಯಲ್ಲಿ, ಬಾಯಿಲೆಕ್ಕದಲ್ಲಿಯೂ ಹೆಚ್ಚು ಸುಧಾರಿಸಿದ್ದರು. ಅಲ್ಲಿ ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲು ಕಲಿಸಿದ್ದರು: ನಾನು ಎಲ್ಲಿದ್ದೇನೆ? ಏನು ಮಾಡುತ್ತಿದ್ದೇನೆ? ಏನು ಮಾಡುತ್ತಿರಬೇಕಿತ್ತು? ಅದನ್ನು ಓದಿದ ಮೇಲೆ ನಾನೂ ಈ ಪ್ರಶ್ನೆಗಳನ್ನು ಎತ್ತಿಕೊಂಡೆ. ಗಲಾಟೆ ಹೆಚ್ಚಾದಾಗ ಕೂಗಾಡುವ ಬದಲು ಇವನ್ನೇ ಮೆಲ್ಲಗೆ ಕೇಳುತ್ತೇನೆ. 2011ರಲ್ಲಿ ಏಡೆಲ್ ಡೈಮಂಡ್ ಮತ್ತು ಕ್ಯಾಥ್ಲೀನ್ ಲೀ ‘ಸೈನ್ಸ್’ ಪತ್ರಿಕೆಯಲ್ಲಿ ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳ ಗಮನ, ಸಂಯಮಗಳನ್ನು ಬೆಳೆಸುವ ದಾರಿಗಳನ್ನು ಪರಿಶೀಲಿಸಿದಾಗ ಸಾಂಪ್ರದಾಯಿಕ ಸಮರಕಲೆಯನ್ನೂ ಆ ಪಟ್ಟಿಗೆ ಸೇರಿಸಿದರು.

‘ಸಾಂಪ್ರದಾಯಿಕ’ ಎಂಬ ಆ ಒಂದು ಪದವನ್ನು ದಯವಿಟ್ಟು ಗಮನಿಸಿ. 1986ರಲ್ಲಿ ಮೈಕೆಲ್ ಟ್ರುಲ್ಸನ್ ದಾರಿತಪ್ಪುತ್ತಿದ್ದ ಹದಿಹರೆಯದ ಹುಡುಗರನ್ನು ಮೂರು ಗುಂಪು ಮಾಡಿ ಆರು ತಿಂಗಳು ಗಮನಿಸಿದ ಸಣ್ಣ ಅಧ್ಯಯನವೊಂದು ಪ್ರಕಟವಾಯಿತು. ಒಂದು ಗುಂಪಿಗೆ ಧ್ಯಾನ, ಗೌರವ, ಸಂಯಮಗಳೆಲ್ಲ ಸೇರಿದ ಟೇಕ್ವಾಂಡೋ. ಎರಡನೆಯದಕ್ಕೆ ಅವನ್ನೆಲ್ಲ ಕಳಚಿ ಬರೀ ಹೊಡೆದಾಟದ ಪಟ್ಟು. ಮೂರನೆಯದಕ್ಕೆ ಓಟ, ಚೆಂಡಾಟದಂಥ ವ್ಯಾಯಾಮ. ಮೊದಲ ಗುಂಪಿನವರ ಆಕ್ರಮಣಶೀಲತೆ ಇಳಿಯಿತು. ಎರಡನೆಯ ಗುಂಪಿನಲ್ಲಿ ಅದು ಏರಿತು. ಹಾಗೆಯೇ 2005ರಲ್ಲಿ ನಾರ್ವೆಯ ಇಂಗರ್ ಎಂಡ್ರೆಸೆನ್ ಮತ್ತು ಡಾನ್ ಓಲ್ವೆಯಸ್ ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವಿಕೆ, ಪೌರ್ವಾತ್ಯ ಸಮರಕಲೆಗಳಲ್ಲಿ ತೊಡಗಿದ ಹುಡುಗರನ್ನು ಗಮನಿಸಿ, ಅವರಲ್ಲಿ ಸಮಾಜಕ್ಕೆ ಹೊಂದದ ನಡತೆ ಹೆಚ್ಚಿತೆಂದು ವರದಿ ಮಾಡಿದರು. ನನ್ನ ವೃತ್ತಿಯವರಿಗೆ ಇದನ್ನು ಹೇಳಿದರೆ ಕೆಲವರು ಸಿಡುಕುತ್ತಾರೆ. ನಾನಂತೂ ಅದನ್ನು ಎಚ್ಚರಿಕೆಯೆಂದೇ ಇಟ್ಟುಕೊಂಡಿದ್ದೇನೆ. ಕಲೆಯ ಹೆಸರು ಮಗುವನ್ನು ಕಾಯುವುದಿಲ್ಲ. ಅದನ್ನು ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ, ಆ ಕೋಣೆಯೊಳಗೆ ಯಾವುದಕ್ಕೆ ಶಭಾಷ್ ಸಿಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆಟಿಸಂ ಇರುವ ಮಕ್ಕಳು, ಒಂದೆಡೆ ಕೂರಲಾಗದ ಮಕ್ಕಳು ನನ್ನಲ್ಲಿಗೆ ಬರುತ್ತಾರೆ. ಒಂದೇ ಕ್ರಮದಲ್ಲಿ ದಿನವೂ ನಡೆಯುವ ತರಗತಿ, ಎಲ್ಲಿ ನಿಲ್ಲಬೇಕೆಂದು ಸ್ಪಷ್ಟ ಗೆರೆ, ಚಿಕ್ಕ ಆಜ್ಞೆಗಳು, ಇವು ಅವರಿಗೆ ಹಿತವೆನಿಸುವುದನ್ನು ನೋಡಿದ್ದೇನೆ. ಇರಾನಿನಲ್ಲಿ ಮೂವತ್ತು ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹದಿನಾಲ್ಕು ವಾರ ಕಟಾ ಅಭ್ಯಾಸ ಮಾಡಿದ ಆಟಿಸಂ ಮಕ್ಕಳಲ್ಲಿ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ವರ್ತನೆ ಕಡಿಮೆಯಾಗಿತ್ತು. ಆಸೆ ಹುಟ್ಟಿಸುವ ಸಂಗತಿ. ಆದರೆ ಇದು ಚಿಕಿತ್ಸೆಯ ಬದಲಿಗೆ ಬರುವಂಥದ್ದಲ್ಲ, ಅದರ ಪಕ್ಕದಲ್ಲಿ ನಿಲ್ಲುವಂಥದ್ದು. ನಿಮ್ಮ ವೈದ್ಯರನ್ನೂ ಚಿಕಿತ್ಸಕರನ್ನೂ ಬಿಡಬೇಡಿ, ನನಗೆ ಮಾತ್ರ ಮಗುವಿನ ವಿಷಯವನ್ನು ಮುಚ್ಚಿಡಬೇಡಿ.

ಮೈಯ ಆರೋಗ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಚಟುವಟಿಕೆ ಮಾಡಬೇಕು, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆ ಗಟ್ಟಿಯಾಗುವಂಥದ್ದು ಅದರಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಎಳೆಯುವುದು, ತಳ್ಳುವುದು, ಜಿಗಿಯುವುದು, ಕುಕ್ಕರಿಸಿ ಏಳುವುದು, ತೆವಳುವುದು ಎಲ್ಲ ನಮ್ಮಲ್ಲಿದೆ. ಆದರೆ ವಾರಕ್ಕೆರಡು ಸಂಜೆಯ ತರಗತಿ ಆ ಲೆಕ್ಕವನ್ನು ತುಂಬಿಸುವುದಿಲ್ಲ, ಉಳಿದ ದಿನ ಮಗು ಓಡಿ ಆಡಲೇಬೇಕು. ಇನ್ನೊಂದು ವಿಷಯ: ತರಗತಿ ನೋಡಲು ಹೋದಾಗ ಗಡಿಯಾರ ನೋಡಿ. ಒಂದು ಗಂಟೆಯಲ್ಲಿ ಮಗು ಸಾಲಿನಲ್ಲಿ ನಿಂತು ಸರದಿ ಕಾಯುವುದೇ ನಲವತ್ತು ನಿಮಿಷವಾದರೆ ಅಲ್ಲಿ ವ್ಯಾಯಾಮ ನಡೆಯುತ್ತಿಲ್ಲ.

ಈಗ ನನ್ನ ತಪ್ಪು.

ಕಲಿಸಲು ಶುರುಮಾಡಿ ಮೂರನೆಯ ವರ್ಷ. ಹತ್ತು ವರ್ಷದ ಹುಡುಗನೊಬ್ಬ ಬರುತ್ತಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬೆಲ್ಟನ್ನು ಅವನಷ್ಟು ಸಮನಾಗಿ ಕಟ್ಟುವವರು ಇನ್ನೊಬ್ಬರಿರಲಿಲ್ಲ; ಎರಡೂ ತುದಿ ಒಂದೇ ಉದ್ದ ಬರುವವರೆಗೆ ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ. ಬಂದು ನಾಲ್ಕು ತಿಂಗಳಾಗಿತ್ತು. ಒಂದು ಸ್ಪರ್ಧೆಗೆ ಅವನ ತೂಕದ ವರ್ಗದಲ್ಲಿ ನಮ್ಮ ಕಡೆಯಿಂದ ಯಾರೂ ಇರಲಿಲ್ಲ. ಹೆಸರು ಕೊಟ್ಟುಬಿಟ್ಟೆ. ‘ಮಿಸ್, ನಾನು ಮುಂದಿನ ಸಲ ಹೋಗ್ಲಾ?’ ಅಂತ ಕೇಳಿದ್ದ. ‘ಹೋದ್ರೇನೇ ಧೈರ್ಯ ಬರೋದು’ ಅಂದೆ. ಕೆಲವೇ ಸೆಕೆಂಡಿನಲ್ಲಿ ಸೋತು, ನಮಸ್ಕರಿಸಿ, ಹೊರಬಂದ. ಅಳಲಿಲ್ಲ. ನನಗದು ಸಮಾಧಾನವಾಗಿ ಕಂಡಿತು, ಅದೇ ನಾನು ಕುರುಡಾದ ಜಾಗ. ಆಮೇಲೆ ತರಗತಿಯಿರುವ ದಿನ ಮಾತ್ರ ಅವನಿಗೆ ಹೊಟ್ಟೆನೋವು ಬರತೊಡಗಿತು. ತಾಯಿ ಫೋನ್ ಮಾಡಿದರು, ‘ಅಭ್ಯಾಸವಾಗುತ್ತೆ, ಕಳಿಸಿ’ ಅಂದೆ. ಇನ್ನೆರಡು ವಾರ ಬಂದ. ಬೆಲ್ಟನ್ನು ಹೇಗೋ ಸುತ್ತಿಕೊಂಡು ಬರುತ್ತಿದ್ದ. ನಾನು ಅದನ್ನೂ ನೋಡಿದೆ, ಕೇಳಲಿಲ್ಲ. ಆಮೇಲೆ ಅವನು ಬರಲಿಲ್ಲ.

ಆ ಮಗು ತಟ್ಟಿತ್ತು. ‘ಮುಂದಿನ ಸಲ ಹೋಗ್ಲಾ’ ಎಂಬುದು ಒಂದು ತಟ್ಟು, ಹೊಟ್ಟೆನೋವು ಎರಡನೆಯದು, ಬೆಲ್ಟಿನ ಗಂಟು ಮೂರನೆಯದು. ಬಿಡಬೇಕಾದವಳು ಬಿಡಲಿಲ್ಲ. ಅಂದಿನಿಂದ ನನ್ನಲ್ಲಿ ಮೊದಲ ವರ್ಷ ಸ್ಪರ್ಧೆಯಿಲ್ಲ. ಆಮೇಲೂ ಹೋಗುತ್ತೇನೆಂದು ಮಗುವೇ ಹೇಳಬೇಕು; ನಾನು ಹೇಳುವುದಿಲ್ಲ, ನೀವೂ ಹೇಳಕೂಡದು.

ಇಂಥ ತಪ್ಪು ನನ್ನೊಬ್ಬಳದಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಜೂಡೋದ ತವರಾದ ಜಪಾನಿನಲ್ಲೇ 1983ರಿಂದ ಸುಮಾರು ಮೂರು ದಶಕಗಳಲ್ಲಿ ಶಾಲಾ ಜೂಡೋದಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸತ್ತರು, ಹೆಚ್ಚಿನವರು ತಲೆಗೆ ಪೆಟ್ಟಾಗಿ. ಬೀಳುವುದು ಸರಿಯಾಗಿ ಬಾರದ ಹೊಸಬರೇ ಹೆಚ್ಚು ಅಪಾಯಕ್ಕೆ ಸಿಕ್ಕಿದ್ದು. ತಲೆಯ ಹಿಂಭಾಗ ನೆಲಕ್ಕೆ ಅಪ್ಪಳಿಸುವ ದೊಡ್ಡ ಕಾಲ್ತೊಡರಿನ ಎಸೆತದಲ್ಲಿ ಈ ಅಪಾಯ ಬಹಳ. ಕಲಿಸುವವರ ಅರ್ಹತೆಯೂ ಇಲ್ಲಿ ಮುಖ್ಯ: ಫ್ರಾನ್ಸಿನಲ್ಲಿ ಜೂಡೋ ಕಲಿಯುವ ಮಕ್ಕಳು ಲಕ್ಷಗಟ್ಟಲೆ. ಅಲ್ಲಿ ಹಣ ಪಡೆದು ಕಲಿಸುವವರು ಸರ್ಕಾರದ ಅರ್ಹತೆ ಪಡೆದಿರಲೇಬೇಕು. 2022ರಲ್ಲಿ ಅಖಿಲ ಜಪಾನ್ ಜೂಡೋ ಒಕ್ಕೂಟ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರಮಟ್ಟದ ವೈಯಕ್ತಿಕ ಸ್ಪರ್ಧೆಯನ್ನೇ ನಿಲ್ಲಿಸಿತು. ಗೆಲುವೊಂದೇ ಮುಖ್ಯ ಎಂಬ ಹುಚ್ಚು ಹೆಚ್ಚಿತು, ಎಳೆಯ ಮಕ್ಕಳ ತೂಕ ಇಳಿಸುತ್ತಿದ್ದಾರೆ, ಹೆತ್ತವರೂ ತರಬೇತುದಾರರೂ ತೀರ್ಪುಗಾರರ ಮೇಲೆ ಕೂಗಾಡುತ್ತಿದ್ದಾರೆ ಎಂಬ ಚಿಂತೆ ಅದರ ಹಿಂದಿತ್ತು. ಆಗ ಒಕ್ಕೂಟದ ಅಧ್ಯಕ್ಷರಾಗಿದ್ದವರು 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಯಸುಹಿರೊ ಯಮಶಿತಾ. ಚಿನ್ನ ಗೆದ್ದವರೇ ಮಕ್ಕಳಿಗೆ ಇದು ಈಗ ಬೇಡ ಅಂದರೆ ನಾವು ಕಿವಿಗೊಡಬೇಕಲ್ಲವೇ?

ಹೊಡೆತವಿರುವ ಕಲೆಗಳ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಸ್ಪಷ್ಟವಾಗಿ ಮಾತಾಡಿದೆ. ತಲೆಗೆ ಒದೆತ, ಹೊಡೆತ ಬೀಳುವಂಥ ಸ್ಪರ್ಧೆಯಿಂದ ಮಕ್ಕಳನ್ನು ದೂರವಿಡಿ. ಸ್ಪರ್ಶವಿಲ್ಲದ ಅಭ್ಯಾಸದಿಂದ ಶುರುಮಾಡಿ. ಕೌಶಲವೂ ಮನಸ್ಸಿನ ಪ್ರೌಢತೆಯೂ ಬಂದ ಮೇಲೆಯೇ ಮುಂದಿನ ಹೆಜ್ಜೆ. ಮೆತ್ತನೆಯ ಹೆಲ್ಮೆಟ್ ಹಾಕಿದ್ದಾರಲ್ಲ ಎಂದು ನೆಮ್ಮದಿಯಾಗಿರಬೇಡಿ. ಚರ್ಮ ಸೀಳದಂತೆ ಅದು ಕಾಪಾಡಬಹುದು, ಒಳಗೆ ಮಿದುಳು ಅಲುಗಾಡುವುದನ್ನು ತಡೆಯುತ್ತದೆ ಎಂದು ನಂಬುವಂತಿಲ್ಲ. ತಲೆಗೆ ಪೆಟ್ಟಾದ ಮಗುವಿಗೆ ತಲೆನೋವು, ವಾಂತಿ, ಮಂಕು, ಅತಿಯಾದ ನಿದ್ದೆ, ಕೇಳಿದ್ದನ್ನೇ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನ ಮತ್ತೆ ಅಭ್ಯಾಸಕ್ಕೆ ಇಳಿಸಕೂಡದು. ವೈದ್ಯರಿಗೆ ತೋರಿಸಲೇಬೇಕು. ‘ಏನೂ ಆಗಿಲ್ಲ, ಎದ್ದು ನಿಲ್ಲು’ ಎನ್ನುವ ಗುರು ಎಷ್ಟೇ ದೊಡ್ಡವನಾದರೂ ಅವನ ಮಾತು ಕೇಳಬೇಡಿ.

ಬೆಲ್ಟಿನ ಬಗ್ಗೆ ಎರಡು ಮಾತು. ಆ ಬಣ್ಣಗಳೆಲ್ಲ ಪುರಾತನ ಎಂದುಕೊಂಡಿರುವವರು ಬಹಳ. ಇಷ್ಟು ಬಣ್ಣ ಜನಪ್ರಿಯವಾದದ್ದು ಯುರೋಪಿನಲ್ಲಿ. 1930ರ ದಶಕದಲ್ಲಿ ಪ್ಯಾರಿಸ್ಸಿಗೆ ಬಂದು ಜೂಡೋ ಕಲಿಸಿದ ಮಿಕಿನೊಸುಕೆ ಕವೈಶಿ ಕಲಿಯುವವರ ಉತ್ಸಾಹ ಬತ್ತದಿರಲೆಂದು ಅವನ್ನು ಬಳಸಿದರು. ಉದ್ದೇಶ ಒಳ್ಳೆಯದೇ. ಹೊಸ ಬೆಲ್ಟ್ ಸಿಕ್ಕ ದಿನ ಮಗುವಿನ ಮುಖ ಅರಳುವುದನ್ನು ನೋಡಲು ನನಗೂ ಆಸೆ. ಆದರೆ ನಿಗದಿತ ತಿಂಗಳು ತುಂಬಿದ ಕೂಡಲೇ, ಬಂದವರಿಗೆಲ್ಲ ಬಣ್ಣ ಬದಲಾಗುವ ಕಡೆ ಮಗುವಿಗೆ ಅರಿವಾಗಿಬಿಡುತ್ತದೆ, ಕಲಿತರೂ ಕಲಿಯದಿದ್ದರೂ ಒಂದೇ ಎಂದು. ಮಕ್ಕಳು ನಮಗಿಂತ ಬೇಗ ಇದನ್ನು ಹಿಡಿಯುತ್ತಾರೆ.

ಆದ್ದರಿಂದ ಸೇರಿಸುವ ಮೊದಲು ಒಂದು ಸಂಜೆ ಪೂರ್ತಿ ಕೂತು ನೋಡಿ. ಕೂರಲು ಬಿಡದಿದ್ದರೆ ಅಲ್ಲಿಗೇ ಮುಗಿಯಿತು, ಬೇರೆ ಕಡೆ ಹುಡುಕಿ. ಅಲ್ಲಿನ ಕೊನೆಯ ಸಾಲಿನ, ಎಲ್ಲರಿಗಿಂತ ದಡ್ಡ ಎನಿಸಿಕೊಂಡ ಮಗುವಿನ ಜೊತೆ ಗುರು ಹೇಗೆ ಮಾತಾಡುತ್ತಾರೆ ಎಂದು ಕಿವಿಗೊಡಿ. ನೀರು ಕೇಳಿದ ಮಗುವಿಗೆ ಏನು ಉತ್ತರ ಸಿಗುತ್ತದೆ ನೋಡಿ. ದಂಡ ಹೊಡೆಸುವುದು ಶಿಕ್ಷೆಯಾಗಿದ್ದರೆ ಆ ಮಗು ಬೆಳೆದ ಮೇಲೂ ವ್ಯಾಯಾಮವನ್ನು ಶಿಕ್ಷೆಯೆಂದೇ ಬಗೆಯುತ್ತದೆ. ಒಬ್ಬ ದೊಡ್ಡವರ ಜೊತೆ ಒಂದೇ ಮಗು ಮುಚ್ಚಿದ ಕೋಣೆಯಲ್ಲಿ ಇರದಂತೆ ಏನು ವ್ಯವಸ್ಥೆ ಎಂದು ಮುಜುಗರವಿಲ್ಲದೆ ಕೇಳಿ. ಒಳ್ಳೆಯ ಗುರುವಿಗೆ ಈ ಪ್ರಶ್ನೆಯಿಂದ ಅವಮಾನವಾಗುವುದಿಲ್ಲ. ನನಗೆ ಯಾರಾದರೂ ಕೇಳಿದರೆ ಗೌರವವೇ ಹೆಚ್ಚುತ್ತದೆ. ಹೆಣ್ಣುಮಕ್ಕಳ ಹೆತ್ತವರೇ, ಹನ್ನೆರಡು ಹದಿಮೂರಕ್ಕೆ ಮಗಳು ‘ಇನ್ನು ಹೋಗಲ್ಲ’ ಅಂದರೆ ಸೋಮಾರಿತನ ಎಂದುಕೊಳ್ಳಬೇಡಿ. ಮುಟ್ಟಿನ ದಿನ ಬಿಳಿ ಉಡುಪು, ಯಾರ ಜೊತೆ ಜೋಡಿ ಮಾಡುತ್ತಾರೋ ಎಂಬ ಅಳುಕು, ಇಷ್ಟೇ ಇರಬಹುದು ಕಾರಣ. ಬಂದು ನಮಗೆ ಹೇಳಿದರೆ ಸರಿಪಡಿಸಬಹುದಾದ ಸಂಗತಿ.

ಶಾಲೆಯಲ್ಲಿ ಪೆಟ್ಟು ತಿನ್ನುತ್ತಿರುವ ಮಗುವನ್ನು ಕರೆತಂದು ‘ತಿರುಗಿಸಿ ಹೊಡೆಯೋದು ಕಲಿಸಿ’ ಅನ್ನುವವರಿದ್ದಾರೆ. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಕಾಟ ನಿಲ್ಲಿಸುವ ಹೊಣೆ ದೊಡ್ಡವರದು, ಅದನ್ನು ಎಂಟು ವರ್ಷದ ಹೆಗಲಿಗೆ ಹಾಕಬೇಡಿ. ನೀವು ಶಾಲೆಯವರ ಜೊತೆ ಕೂತು ಮಾತಾಡಿ. ನಾನು ಅವನಿಗೆ ನೆಟ್ಟಗೆ ನಿಲ್ಲುವುದು, ಹಿಡಿತ ಬಿಡಿಸಿಕೊಳ್ಳುವುದು, ಗಟ್ಟಿ ದನಿಯಲ್ಲಿ ‘ಬೇಡ’ ಅನ್ನುವುದು, ಬಂದು ಹೇಳುವುದು ಇವನ್ನು ಕಲಿಸುತ್ತೇನೆ. ಇಬ್ಬರೂ ನಮ್ಮ ನಮ್ಮ ಕೆಲಸ ಮಾಡೋಣ.

ಕೊನೆಯದಾಗಿ ಒಂದು ಕೋರಿಕೆ. ತರಗತಿ ಮುಗಿದು ಮಗು ಬೆವರಿದ ಉಡುಪನ್ನು ಸುತ್ತಿಕೊಂಡು ಹೊರಬಂದಾಗ, ದಾರಿಯುದ್ದಕ್ಕೂ ‘ಗೆದ್ಯಾ? ಯಾರನ್ನ ಬೀಳಿಸಿದೆ?’ ಎಂದು ಕೇಳಬೇಡಿ. ‘ಇವತ್ತು ಯಾರ ಜೊತೆ ಅಭ್ಯಾಸ ಮಾಡಿದೆ? ಅವರಿಗೆ ನೋವಾಗದ ಹಾಗೆ ನೋಡಿಕೊಂಡ್ಯಾ? ನೀನು ತಟ್ಟಿದಾಗ ಬಿಟ್ರಾ?’ ಎಂದು ಕೇಳಿ. ಬಿಡಲಿಲ್ಲ ಎಂದು ಮಗು ಹೇಳಿದರೆ ಮರುದಿನವೇ ನನ್ನ ಬಳಿ ಬನ್ನಿ.

ಇಂತಿ,
ನಿಮ್ಮ ಮಕ್ಕಳಿಗೆ ಬೀಳುವುದನ್ನು ಕಲಿಸುವ ಒಬ್ಬ ಜೂಡೋ ಶಿಕ್ಷಕಿ